ಮಗುವಿಗೆ ಓದು ಕಲಿಸುವ ಬಗೆ

ನಮ್ಮ ಸ್ನೇಹಿತರೊಬ್ಬರ ಮನೆಯಲ್ಲಿ, ಮೂರನೆಯ ತರಗತಿಯಲ್ಲಿದ್ದ ಅವರ ಮಗನು ಪಾಠವನ್ನೋದುವುದನ್ನು ಕೇಳುವ ಸಂದರ್ಭ ನಮಗೊಮ್ಮೆ ಒದಗಿತು. ಓದು ನಿರರ್ಗಳವಾಗಿ ಸಾಗಿತ್ತು, ಉಚ್ಚಾರಣೆ ಸ್ಫುಟವಾಗಿತ್ತು, ತಂದೆಯ ಮುಖದಲ್ಲಿ ತೃಪ್ತಿ ಕಾಣುತ್ತಿತ್ತು. ಆದರೆ ಹುಡುಗನ ಬೆರಳು ಮೂರನೆಯ ಪಂಕ್ತಿಯಲ್ಲಿದ್ದಾಗ ನಾಲಗೆ ಐದನೆಯ ಪಂಕ್ತಿಯನ್ನು ಹೇಳುತ್ತಿತ್ತು. ನಾವು ಸಂದೇಹಗೊಂಡು ನಡುವಣ ಪದವೊಂದನ್ನು ತೋರಿಸಿ, "ಇದೇನಪ್ಪ?" ಎಂದು ಕೇಳಿದೆವು. ಹುಡುಗನು ಅದನ್ನು ಕ್ಷಣಕಾಲ ನೋಡಿ, ಪಾಠದ ಮೊದಲನೆಯ ವಾಕ್ಯದಿಂದ ತುಟಿಯಲ್ಲೇ ಹೇಳಿಕೊಳ್ಳುತ್ತ ಬಂದು, ಆ ಪದವನ್ನು ಮುಟ್ಟಿದ ಮೇಲೆ ಉತ್ತರವನ್ನಿತ್ತನು. ಅದೇ ಪದವನ್ನು ಬೇರೊಂದು ಕಾಗದದ ಮೇಲೆ ಬರೆದು ತೋರಿಸಿದಾಗ ತಲೆ ತಗ್ಗಿಸಿ ಸುಮ್ಮನಾದನು.

ಹುಡುಗನಿಗೆ ಓದು ಬರುತ್ತಿರಲಿಲ್ಲ, ಪುಸ್ತಕವೇ ಕಂಠಪಾಠವಾಗಿತ್ತು. ಉಕ್ತಲೇಖನದಲ್ಲಿ ಅವನು ಮತ್ತೆ ಮತ್ತೆ ತಪ್ಪುತ್ತಿದ್ದುದರಿಂದ ಶಾಲೆಯವರು ಆಗಲೇ "ಬುದ್ಧಿ ಮಂದ" ಎಂದು ಹೇಳಿ ಕಳುಹಿಸಿದ್ದರಂತೆ. ಒಂದು ಪುಸ್ತಕವನ್ನು ಆದ್ಯಂತವಾಗಿ ಕಿವಿಯಿಂದಲೇ ಕಲಿತು ನೆನಪಿನಲ್ಲಿಟ್ಟುಕೊಂಡ ಬಾಲಕನನ್ನು ಮಂದಬುದ್ಧಿಯೆನ್ನುವುದು ವಿಚಿತ್ರವಾದ ತೀರ್ಪೇ ಸರಿ. ಇಂತಹ ಮಕ್ಕಳು ವಿರಳರೆಂದು ಶ್ರೋತೃಗಳು ಭಾವಿಸಬಾರದು. 2018ರಲ್ಲಿ ಗ್ರಾಮಾಂತರ ಭಾರತದಲ್ಲಿ 'ಪ್ರಥಮ್' ಸಂಸ್ಥೆಯ ವತಿಯಿಂದ ನಡೆದ ಪರಿಶೀಲನೆಯಲ್ಲಿ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಮಾತ್ರವೇ ಎಂದು ಕಂಡುಬಂತು. ಉಳಿದ ಅರ್ಧದಷ್ಟು ಮಕ್ಕಳಿಗೆಲ್ಲ ಬುದ್ಧಿಯಿಲ್ಲವೆಂದು ಯಾರೂ ಹೇಳಲಾರರು. ಹಾಗಾದರೆ ಕಲಿಸುವ ಬಗೆಯಲ್ಲಿಯೇ ಎಲ್ಲಿಯೋ ಕೊರತೆಯಿರಬೇಕು.

ಮೊದಲು ಒಂದು ಭ್ರಾಂತಿಯನ್ನು ಕಳೆದುಕೊಳ್ಳಬೇಕಾಗಿದೆ. ಮಾತು ಮಗುವಿಗೆ ತಾನಾಗಿಯೇ ಬರುತ್ತದೆ. ಆಡುವವರ ನಡುವೆ ಇದ್ದರೆ ಸಾಕು. ಓದು ಹಾಗೆ ಬರುವುದಿಲ್ಲ. ಮನುಷ್ಯನು ಮಾತನ್ನು ಎಂದಿನಿಂದ ಆಡುತ್ತಿರುವನೋ ಹೇಳುವುದು ಕಷ್ಟ. ಬರವಣಿಗೆಯಾದರೋ ಸುಮಾರು 5000 ವರ್ಷಗಳಷ್ಟು ಈಚಿನದು. ಅದಕ್ಕೆಂದೇ ಪ್ರತ್ಯೇಕವಾದ ಸ್ಥಾನವನ್ನು ಪ್ರಕೃತಿಯು ಮಿದುಳಿನಲ್ಲಿ ಏರ್ಪಡಿಸಿಲ್ಲ. ಫ್ರಾನ್ಸ್ ದೇಶದ ಸ್ಟಾನಿಸ್ಲಾಸ್ ಡೆಹೇನ್ ಮೊದಲಾದ ವಿದ್ವಾಂಸರು ತೋರಿಸಿಕೊಟ್ಟಿರುವಂತೆ, ವಸ್ತುಗಳನ್ನೂ ಮುಖಗಳನ್ನೂ ಗುರುತಿಸುವುದಕ್ಕೆ ಉಪಯೋಗವಾಗುತ್ತಿದ್ದ ಮಿದುಳಿನ ಎಡಭಾಗದ ಒಂದು ಪ್ರದೇಶವು, ಕಲಿಕೆಯಿಂದ ಅಕ್ಷರಗಳನ್ನು ಗುರುತಿಸುವುದಕ್ಕೆ ಮೀಸಲಾಗುತ್ತದೆ. ಆದಕಾರಣ ಪುಸ್ತಕಗಳ ನಡುವೆ ಮಗುವನ್ನು ಕೂರಿಸಿದ ಮಾತ್ರಕ್ಕೆ ಓದು ಬಂದೀತೆಂದು ನಂಬುವುದು ತಪ್ಪು. ಅದನ್ನು ಕಲಿಸಬೇಕು; ಬಿಡಿಸಿ ಬಿಡಿಸಿ ಕಲಿಸಬೇಕು.

ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ದೊಡ್ಡ ಕಲಹವೇ ನಡೆದಿದೆ. ಪದವನ್ನು ಚಿತ್ರದಂತೆ ಇಡಿಯಾಗಿ ಗುರುತಿಸಲಿ, ಅಕ್ಷರಗಳ ಗೊಡವೆ ಬೇಡ ಎಂಬುದು ಒಂದು ಪಕ್ಷ. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಮೊದಲು ಕಲಿಸಬೇಕು ಎಂಬುದು ಇನ್ನೊಂದು. ಮೊದಲನೆಯ ಪಕ್ಷವು ಅಮೆರಿಕೆಯಲ್ಲಿ ಬಹುಕಾಲ ಮೇಲುಗೈಯಾಗಿದ್ದಿತು. 1955ರಲ್ಲಿ ರುಡಾಲ್ಫ್ ಫ್ಲೆಶ್ ಎಂಬಾತನು ಅದನ್ನು ಖಂಡಿಸಿ ಪುಸ್ತಕವನ್ನೇ ಬರೆದನು. 1967ರಲ್ಲಿ ಜೀನ್ ಚಾಲ್ ಎಂಬ ವಿದುಷಿಯು ಆವರೆಗಿನ ಪ್ರಯೋಗಗಳನ್ನೆಲ್ಲ ತೂಗಿ ನೋಡಿ ಎರಡನೆಯ ಪಕ್ಷವನ್ನೇ ಎತ್ತಿಹಿಡಿದಳು. 2000ದಲ್ಲಿ ಅಮೆರಿಕೆಯ ರಾಷ್ಟ್ರೀಯ ವಾಚನ ಮಂಡಲಿಯು ಪ್ರಕಟಿಸಿದ ವರದಿಯಲ್ಲಿಯೂ, ಅಕ್ಷರ ಧ್ವನಿಗಳ ಸಂಬಂಧವನ್ನು ಕ್ರಮವಾಗಿ ಕಲಿಸಿದ ಮಕ್ಕಳು ಮುಂದಾಗುವರೆಂದೇ ನಿರ್ಣಯವಾಯಿತು. ವಾದವು ಪೂರ್ತಿ ಅಡಗಿದೆಯೆಂದಲ್ಲ. ಆದರೆ ಪ್ರಮಾಣದ ಭಾರವೆಲ್ಲ ಒಂದೇ ಕಡೆಗಿದೆ.

ಇಷ್ಟನ್ನು ಕೇಳಿ ಕನ್ನಡಿಗರು, "ನಮ್ಮ ಹಿರಿಯರು ಮಾಡಿದ್ದೂ ಅದನ್ನೇ ಅಲ್ಲವೆ? ಅ ಆ ಇ ಈ ಹೇಳಿಸಿ, ಕಾಗುಣಿತ ತಿದ್ದಿಸಿದರಲ್ಲ!" ಎನ್ನಬಹುದು. ಅದು ನಿಜ, ಕೂಲಿಮಠದ ಐಗಳು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದುದರಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಕಣ್ಣು, ಕಿವಿ, ಕೈ ಮೂರಕ್ಕೂ ಏಕಕಾಲದಲ್ಲಿ ಅಭ್ಯಾಸವಾಗುತ್ತಿತ್ತು. ಆದರೆ ವರ್ಣಮಾಲೆಯನ್ನು ಹಾಡಿದಂತೆ ಹೇಳುವುದು ಬೇರೆ, ಓದುವುದು ಬೇರೆ. "ಕ ಕಾ ಕಿ ಕೀ" ಎಂದು ಓಟದಲ್ಲಿ ಹೇಳುವ ಮಗುವಿಗೆ ನಡುವಣ "ಕೊ" ಒಂದನ್ನೇ ಬಿಡಿಯಾಗಿ ತೋರಿಸಿ ನೋಡಿರಿ. ಎಷ್ಟೋ ಮಕ್ಕಳು ನಮ್ಮ ಸ್ನೇಹಿತರ ಮಗನಂತೆ ಮತ್ತೆ "ಕ"ದಿಂದಲೇ ಹೊರಡುತ್ತಾರೆ.

ಇನ್ನು ನಮ್ಮ ಲಿಪಿಯ ಸ್ವರೂಪವನ್ನು ಸ್ವಲ್ಪ ನಿದಾನವಾಗಿ ನೋಡೋಣ. 2003ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ ಯೂರೋಪಿನ ಹಲವು ಭಾಷೆಗಳ ಮಕ್ಕಳನ್ನು ಹೋಲಿಸಿದ್ದರು. ಶಾಲೆಯಲ್ಲಿ ಒಂದು ವರ್ಷ ಕಳೆದ ಮೇಲೆ, ಪರಿಚಿತವಾದ ಪದಗಳಲ್ಲಿ ಫಿನ್ಲೆಂಡ್ ಮತ್ತು ಗ್ರೀಸ್ ದೇಶಗಳ ಮಕ್ಕಳು ನೂರಕ್ಕೆ 90ಕ್ಕೂ ಹೆಚ್ಚನ್ನು ಸರಿಯಾಗಿ ಓದಿದರು. ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷ್ ಓದುವ ಮಕ್ಕಳು ಓದಿದ್ದು ನೂರಕ್ಕೆ 34 ಮಾತ್ರ. ನುಡಿದಂತೆ ಬರೆಯುವ ಭಾಷೆಗೂ, ಬರೆಯುವುದೊಂದು ನುಡಿಯುವುದೊಂದಾದ ಭಾಷೆಗೂ ಇರುವ ಅಂತರವಿದು. ಕನ್ನಡವು ನುಡಿದಂತೆ ಬರೆಯುವ ಭಾಷೆ. ಆದ್ದರಿಂದ ನಮ್ಮ ಮಕ್ಕಳೂ ಒಂದು ವರ್ಷದಲ್ಲಿ ಓದಬೇಕಷ್ಟೆ? ಹಾಗಾಗುವುದಿಲ್ಲ. ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಅಕ್ಷರಗಳೆಲ್ಲ ಕೈವಶವಾಗುವುದಕ್ಕೆ ನಮ್ಮ ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆ.

ಇದಕ್ಕೆ ಕಾರಣವು ಅಕ್ಷರಗಳ ಸಂಖ್ಯೆಯಲ್ಲಿದೆ. ವರ್ಣಮಾಲೆಯಲ್ಲಿ 49 ಎಂದು ಎಣಿಸುತ್ತೇವೆ. ಆದರೆ ಪುಟದ ಮೇಲೆ ಮಗುವಿಗೆ ಎದುರಾಗುವುದು ಗುಣಿತಾಕ್ಷರ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳನ್ನು ಇದರಲ್ಲಿ ಸೇರಿಸಿಲ್ಲ. ಇವನ್ನೆಲ್ಲ ಒಂದೊಂದು ಚಿತ್ರವೆಂದು ನೆನಪಿಡಹೊರಟ ಮಗುವು ಬಳಲಿ ಬೀಳುವುದು ಸಹಜವೇ. "ಕಿ" ಎಂಬುದರಲ್ಲಿ "ಕ್" ಒಂದು, "ಇ" ಒಂದು. ಗುಡಿಸು ಎಲ್ಲಿ ಬಂದರೂ "ಇ" ಎಂದೇ ನುಡಿಯಬೇಕು ಎಂಬ ಸೂತ್ರವು ಹೊಳೆದ ಮಗುವಿಗೆ 442 ರೂಪಗಳ ಭಾರವಿಲ್ಲ. 34 ಮತ್ತು 13 ಸಾಕು. ಈ ಸೂತ್ರವು ಕೆಲವರಿಗೆ ತಾನಾಗಿ ಹೊಳೆಯುತ್ತದೆ. ಅನೇಕರಿಗೆ ಹೊಳೆಯುವುದಿಲ್ಲ. ನಮ್ಮ ಮಕ್ಕಳಿಗೆ "ಮರ" ಎಂಬುದನ್ನು "ಮ", "ರ" ಎಂದು ಬಿಡಿಸುವುದು ಸುಲಭ. "ಮಿ" ಎಂಬುದನ್ನು "ಮ್", "ಇ" ಎಂದು ಬಿಡಿಸುವ ಶಕ್ತಿಯು ನಿದಾನವಾಗಿ ಬರುತ್ತದೆಂದು ಅದೇ ಸಂಶೋಧನೆಯು ಹೇಳುತ್ತದೆ.

ಸೂತ್ರಕ್ಕೆ ಅಪವಾದಗಳೂ ಉಂಟು. "ಕು", "ತು"ಗಳಲ್ಲಿ ಪಕ್ಕಕ್ಕೆ ಬರುವ ಕೊಂಬು "ಪು", "ವು"ಗಳಲ್ಲಿ ಕೆಳಗಿಳಿಯುತ್ತದೆ. ಇಳಿಯದಿದ್ದರೆ "ವು" ಎಂಬುದು "ಮ" ಎಂಬಂತೆ ಕಂಡೀತು. "ದ" "ಧ"ಗಳಿಗೆ ಇರುವ ಭೇದವೆಲ್ಲ ಅಡಿಯ ಒಂದು ಸಣ್ಣ ಗೆರೆಯಲ್ಲಿದೆ. ಒತ್ತಕ್ಷರಗಳ ತೊಡಕು ಇದಕ್ಕಿಂತ ಹೆಚ್ಚಿನದು. "ತ", "ನ", "ಮ", "ಯ", "ರ", "ಲ" ಇವುಗಳ ಒತ್ತುಗಳಲ್ಲಿ ಮೂಲಾಕ್ಷರದ ಚಹರೆಯೇ ಇಲ್ಲ. "ಭಕ್ತಿ" ಎಂಬ ಪದವನ್ನು ನೋಡಿರಿ. ಗುಡಿಸು ಮೇಲಿನ "ಕ"ಕಾರಕ್ಕೆ ಅಂಟಿಕೊಂಡಿದೆ; ಕಣ್ಣಿಗೆ ಮೊದಲು ಕಾಣುವುದು "ಕಿ", ಅನಂತರ ಅಡಿಯ "ತ". ನುಡಿಯುವಾಗಲಾದರೋ "ಕ್" ಮೊದಲು, "ತ್" ಆಮೇಲೆ, ಗುಡಿಸಿನ "ಇ" ಎಲ್ಲಕ್ಕೂ ಕೊನೆಗೆ. ಮಗುವು ಇದನ್ನು "ಭಕಿತ" ಎಂದು ಓದಿದರೆ ನಾವು ನಗುತ್ತೇವೆ, ಇಲ್ಲವೆ ಗದರುತ್ತೇವೆ. ಕಂಡುದನ್ನು ಕಂಡ ಕ್ರಮದಲ್ಲೇ ಅದು ಓದಿದೆಯಲ್ಲವೆ! "ಸೂರ್ಯ" ಎಂಬಲ್ಲಿಯ ಅರ್ಕಾವತ್ತು "ಯ"ಕಾರವಾದ ಮೇಲೆ ಬರೆಯಲ್ಪಟ್ಟು ಅದಕ್ಕಿಂತ ಮೊದಲು ನುಡಿಯಲ್ಪಡುತ್ತದೆ. ಈ ಹಿಂದುಮುಂದನ್ನು ಬಾಯಿಬಿಟ್ಟು ತಿಳಿಸಿಕೊಡಬೇಕು. ನಮ್ಮ ತರಗತಿಗಳಲ್ಲಿ ತಿಳಿಸುವವರು ಕಡಿಮೆ. ವಿದ್ಯಾವಂತರಾದ ನಾವು ಅದನ್ನು ಕಲಿತುದನ್ನೇ ಮರೆತಿದ್ದೇವೆ.

ಕಲಿಸುವ ಕ್ರಮಕ್ಕೆ ಬರೋಣ. ಅಕಾರಾದಿಯಾಗಿ ಎಲ್ಲವನ್ನೂ ಮುಗಿಸಿದ ಮೇಲೆಯೇ ಪದವೆಂಬ ನಿಯಮವು ಬೇಕಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಈಚೆಗೆ ರೂಢಿಗೆ ಬಂದಿರುವ "ರ ಗ ಸ ದ ಅ" ಎಂಬ ಅನುಕ್ರಮವನ್ನು ಕಂಡು ಹಿರಿಯರು ಮೂಗು ಮುರಿಯುವುದುಂಟು. ಆದರೆ ಈ ಐದರಿಂದಲೇ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳಾಗುತ್ತವೆ. ಅಕ್ಷರಗಳನ್ನು ಕೂಡಿಸಿದರೆ ಅರ್ಥ ಹೊರಡುತ್ತದೆಂಬ ಅನುಭವವು ಮಗುವಿಗೆ ಮೊದಲ ವಾರದಲ್ಲೇ ಆಗುತ್ತದೆ. ಈ ಅನುಭವವನ್ನು ಆರು ತಿಂಗಳು ಮುಂದಕ್ಕೆ ಹಾಕಿದರೆ, ಅಕ್ಷರವೆಂಬುದು ಹಾಡಿ ಒಪ್ಪಿಸುವ ವಸ್ತುವೆಂದೇ ಅದು ತಿಳಿದೀತು. ಗುಣಿತವನ್ನು ಕೂಡ ಉದ್ದಕ್ಕೆ ಹೇಳಿಸುವುದರ ಜೊತೆಗೆ ಅಡ್ಡಕ್ಕೂ ಹೇಳಿಸಬೇಕು: "ಕಿ ಗಿ ಸಿ ರಿ ದಿ" ಎಂದು ಗುಡಿಸನ್ನೊಂದೇ ಹಿಡಿದು ಅಕ್ಷರಗಳನ್ನು ಬದಲಾಯಿಸುತ್ತ ಹೋದರೆ, ಗುಡಿಸಿನ ಧ್ವನಿಯು ಕಿವಿಯಲ್ಲಿ ನಿಲ್ಲುತ್ತದೆ. ತಪ್ಪು ಓದಿದಾಗ ಸರಿಯಾದ ಪದವನ್ನು ತಟ್ಟನೆ ಹೇಳಿಬಿಡುವುದಕ್ಕಿಂತ, ಯಾವ ಗುರುತಿನಲ್ಲಿ ಎಡವಿತೆಂಬುದನ್ನು ಕಂಡುಕೊಂಡು ಅಲ್ಲಿಗೆ ಬೆರಳಿಟ್ಟು ತೋರಿಸುವುದು ಒಳ್ಳೆಯದು. ಒಂದೇ ಪಾಠವನ್ನು ಮೂರು ನಾಲ್ಕು ಸಲ ಗಟ್ಟಿಯಾಗಿ ಓದಿಸುವುದರಿಂದ ತಡವರಿಕೆ ಕಳೆಯುತ್ತದೆಂಬುದೂ ಪ್ರಯೋಗಸಿದ್ಧವಾದ ಮಾತು. ಆದರೆ ಕಣ್ಣು ಅಕ್ಷರದ ಮೇಲಿರಬೇಕು, ಇಲ್ಲದಿದ್ದರೆ ಅದು ಕಂಠಪಾಠಕ್ಕೆ ಇನ್ನೊಂದು ದಾರಿಯಾಗುತ್ತದೆ.

ಅಕ್ಷರವನ್ನು ಬಿಡಿಸಿದ ಮಾತ್ರಕ್ಕೆ ಓದು ಮುಗಿಯಿತೆ? ಸ್ಕಾಟ್ಲೆಂಡಿನ ಕ್ಲ್ಯಾಕ್‌ಮನನ್‌ಶೈರ್ ಪ್ರಾಂತದಲ್ಲಿ ಸುಮಾರು 300 ಮಕ್ಕಳಿಗೆ ಆರಂಭದಿಂದಲೇ ಧ್ವನಿಗಳನ್ನು ಕೂಡಿಸಿ ಓದುವುದನ್ನು ಕಲಿಸಿ, ಏಳು ವರ್ಷ ಅವರನ್ನು ಗಮನಿಸಿದರು. 2005ರಲ್ಲಿ ಪ್ರಕಟವಾದ ವರದಿಯಂತೆ, ಬಿಡಿ ಪದಗಳನ್ನೋದುವುದರಲ್ಲಿ ಆ ಮಕ್ಕಳು ತಮ್ಮ ವಯಸ್ಸಿಗಿಂತ ಮೂರೂವರೆ ವರ್ಷ ಮುಂದಿದ್ದರು. ಓದಿದುದರ ಅರ್ಥಗ್ರಹಣದಲ್ಲಿ ಮುಂದಿದ್ದುದು ಮೂರೂವರೆ ತಿಂಗಳು ಮಾತ್ರ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬಿಬ್ಬರು ಹೇಳಿದ ಗಣಿತವನ್ನು ಇಲ್ಲಿ ನೆನೆಯಬಹುದು: ಓದೆಂದರೆ ಅಕ್ಷರಜ್ಞಾನವನ್ನು ಭಾಷಾಜ್ಞಾನದಿಂದ ಗುಣಿಸಿದಾಗ ಬರುವ ಲಬ್ಧ. ಎರಡರಲ್ಲಿ ಯಾವುದು ಸೊನ್ನೆಯಾದರೂ ಲಬ್ಧವು ಸೊನ್ನೆಯೇ.

ಭಾಷಾಜ್ಞಾನದ ವಿಷಯದಲ್ಲಿ ನಮ್ಮ ಮಕ್ಕಳಿಗೆ ಒಂದು ವಿಶೇಷ ಕಷ್ಟವಿದೆ. ಮನೆಯಲ್ಲಿ "ಬರ್ತೀನಿ" ಎನ್ನುವ ಮಗುವು ಪುಸ್ತಕದಲ್ಲಿ "ಬರುತ್ತೇನೆ" ಎಂಬುದನ್ನು ಕಾಣುತ್ತದೆ. ಮನೆಮಾತು ತುಳುವೋ ಉರ್ದುವೋ ತೆಲುಗೋ ಆದರೆ ಅಂತರವು ಇನ್ನೂ ಹೆಚ್ಚು. ಇದಕ್ಕೆ ಪರಿಹಾರವು ದುಬಾರಿಯದಲ್ಲ. ಮಗುವಿಗೆ ಇನ್ನೂ ಓದು ಬಾರದ ಕಾಲದಿಂದಲೇ ಹಿರಿಯರು ಪುಸ್ತಕ ಹಿಡಿದು ಓದಿ ಹೇಳಬೇಕು, ಹೇಳುವಾಗ ನಡುನಡುವೆ ನಿಲ್ಲಿಸಿ, "ಮುಂದೇನಾಯಿತು? ಅವನು ಏಕೆ ಹಾಗೆ ಮಾಡಿದ?" ಎಂದು ಮಗುವಿನಿಂದ ಮಾತಾಡಿಸಬೇಕು. ಹೀಗೆ ಪ್ರಶ್ನೆ ಕೇಳುತ್ತ ಓದಿಸಿಕೊಂಡ ಎರಡು ಮೂರು ವರ್ಷದ ಮಕ್ಕಳ ಮಾತು ಒಂದೇ ತಿಂಗಳಲ್ಲಿ ಇತರರಿಗಿಂತ ಮುಂದಾದುದನ್ನು ಅಮೆರಿಕೆಯ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ವರದಿ ಮಾಡಿದ್ದಾರೆ. ಕಥೆ ಹೇಳುವ ಅಜ್ಜಿಯರಿಗೆ ಈ ವರದಿಯ ಅವಶ್ಯಕತೆ ಇರಲಿಲ್ಲ. ಆದರೆ ಅಜ್ಜಿಯರಿಲ್ಲದ ಮನೆಗಳು ನಗರದಲ್ಲಿ ಹೆಚ್ಚುತ್ತಿರುವುದರಿಂದ ಅದನ್ನು ಹೇಳಬೇಕಾಗಿದೆ.

ಹಿಂದುಳಿದವರ ಗತಿಯೇನು? ಓದು ಬಾರದವನು ಓದಲೊಲ್ಲ. ಓದದಿರುವುದರಿಂದ ಪದಸಂಪತ್ತು ಬೆಳೆಯುವುದಿಲ್ಲ. ಅದು ಬೆಳೆಯದಿರುವುದರಿಂದ ಓದು ಮತ್ತಷ್ಟು ಕಠಿಣ. ಉಳ್ಳವನಿಗೆ ಬಡ್ಡಿ, ಇಲ್ಲದವನಿಗೆ ಸಾಲ ಎಂಬಂತಹ ಈ ಸ್ಥಿತಿಯನ್ನು ಕೀತ್ ಸ್ಟಾನೊವಿಚ್ ಎಂಬಾತನು 1986ರಲ್ಲಿ ವಿವರಿಸಿದ್ದಾನೆ. ಆದುದರಿಂದ ತಡಮಾಡಕೂಡದು, "ದೊಡ್ಡವನಾದ ಮೇಲೆ ಬರುತ್ತದೆ" ಎಂಬ ಸಮಾಧಾನಕ್ಕೆ ಆಧಾರವಿಲ್ಲ. ನಮ್ಮ ದೇಶದಲ್ಲಿ ಫಲ ಕೊಟ್ಟಿರುವ ಒಂದು ಉಪಾಯವೆಂದರೆ, ದಿನದಲ್ಲಿ ಒಂದೆರಡು ಗಂಟೆಗಳ ಕಾಲ ಮಕ್ಕಳನ್ನು ತರಗತಿಯ ಮೇರೆಗೆ ಕೂರಿಸದೆ, ಅಕ್ಷರ ಬಲ್ಲವರು, ಪದ ಬಲ್ಲವರು, ವಾಕ್ಯ ಬಲ್ಲವರು ಎಂದು ಬಲ್ಲಷ್ಟರ ಮೇರೆಗೆ ಗುಂಪು ಮಾಡಿ ಕಲಿಸುವುದು. 'ಪ್ರಥಮ್' ಸಂಸ್ಥೆಯು ನಡೆಸಿದ ಈ ಪ್ರಯೋಗವನ್ನು, 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಹಲವು ಪ್ರಾಂತಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಐದನೆಯ ತರಗತಿಯ ಹುಡುಗನನ್ನು ಒಂದನೆಯವರ ಜೊತೆಗೆ ಕೂರಿಸಿದರೆ ಅವಮಾನವಲ್ಲವೆ ಎಂದು ಕೇಳುವವರಿದ್ದಾರೆ. ಐದನೆಯ ತರಗತಿಯ ಪುಸ್ತಕವನ್ನು ಹಿಡಿದು ಏನೂ ತಿಳಿಯದೆ ವರ್ಷವಿಡೀ ಕುಳಿತಿರುವುದು ಅದಕ್ಕಿಂತ ದೊಡ್ಡ ಅವಮಾನವೆಂದು ನಮಗೆ ತೋರುತ್ತದೆ.

ಕ್ರಮವಾಗಿ ಕಲಿಸಿದ ಮೇಲೂ ಓದು ಹತ್ತದ ಕೆಲವು ಮಕ್ಕಳಿರುವುದು ದಿಟ. ಅಂತಹವರ ಕಣ್ಣನ್ನೂ ಕಿವಿಯನ್ನೂ ಮೊದಲು ಪರೀಕ್ಷೆ ಮಾಡಿಸಬೇಕು. ಅವುಗಳಲ್ಲಿ ದೋಷವಿಲ್ಲದಿದ್ದರೆ ಅದು ಓದಿಗೇ ಸಂಬಂಧಿಸಿದ ನ್ಯೂನತೆಯಾಗಿರಬಹುದು. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆಗಳಲ್ಲಿ ಇದನ್ನು ಬಲ್ಲವರಿದ್ದಾರೆ.

ನಮ್ಮ ಸ್ನೇಹಿತರ ಮಗನಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಮನೆಯಲ್ಲಿ ಅವನ ತಾಯಿಯವರು ಪಾಠಪುಸ್ತಕವನ್ನು ಎತ್ತಿಟ್ಟು, ಅವನು ಎಂದೂ ಕಂಡಿರದ ಪದಗಳನ್ನು ಚೀಟಿಗಳಲ್ಲಿ ಬರೆದು, ದಿನಕ್ಕೆ ಹದಿನೈದು ನಿಮಿಷ ಓದಿಸತೊಡಗಿದರು: ಮೊದಲು ಗುಣಿತವಿಲ್ಲದವು, ಆಮೇಲೆ ಗುಡಿಸಿನವು, ಕೊಂಬಿನವು, ಕಡೆಗೆ ಒತ್ತಿನವು. ಮೊದಲ ತಿಂಗಳು ಅಳು, ಜಗಳ ಎಲ್ಲವೂ ಆಯಿತಂತೆ. ಈಚೆಗೆ ಅವನು ಬೀದಿಯ ಫಲಕಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಜೊತೆಯವರನ್ನು ನಡೆಯಗೊಡುವುದಿಲ್ಲವೆಂದು ದೂರು ಬಂದಿದೆ. ಅರ್ಕಾವತ್ತಿನಲ್ಲಿ ಮಾತ್ರ ಇನ್ನೂ ತಡೆಯುತ್ತಾನೆ.