ಜೋರಾಗಿ ಓಡೋದೇ ಬೇರೆ, ಸಿಗದ ಹಾಗೆ ಓಡೋದೇ ಬೇರೆ

ಕಳೆದ ಸೆಮಿಸ್ಟರ್‌ನ ಇಂಟರ್ ಬ್ರಾಂಚ್ ಖೋ ಖೋ ನೋಡಿದವರು ದಯವಿಟ್ಟು ಮತ್ತೆ ನಗಬೇಡಿ. ಹೌದು, ಮೊದಲ ಮ್ಯಾಚಲ್ಲೇ ಮಣ್ಣು ಮುಕ್ಕಿ ಬಂದವರು ನಾವೇ. ಸೋತಿದ್ದಕ್ಕೆ ಬೇಜಾರಿಲ್ಲ, ಯಾಕೆ ಸೋತ್ವಿ ಅಂತ ಅರ್ಥವಾಗೋಕೆ ಒಂದು ವಾರ ಹಿಡೀತಲ್ಲ, ಅದಕ್ಕೆ ಬೇಜಾರು. ಅರ್ಥವಾದ ಮೇಲೆ ಅದನ್ನು ಬರೆದಿಡೋಣ ಅನ್ನಿಸಿತು. ಈ ಲೇಖನ ಅದೇ.

ನಾವು ಟೀಮ್ ಆರಿಸಿದ ರೀತಿ ಕೇಳಿ. ಗ್ರೌಂಡಲ್ಲಿ 100 ಮೀಟರ್ ಅಳೆದು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎಲ್ಲರನ್ನೂ ಓಡಿಸಿದ್ವಿ. ಕಡಿಮೆ ಟೈಮ್ ತಗೊಂಡ ಒಂಬತ್ತು ಜನ ಟೀಮ್‌ಗೆ. ಓಡೋ ಆಟ ತಾನೇ, ಜೋರಾಗಿ ಓಡೋರನ್ನ ಹಾಕಿದ್ರೆ ಆಯ್ತು ಅನ್ನೋದು ನಮ್ಮ ಲೆಕ್ಕ. ಟಿ. ನರಸೀಪುರದ ಕಡೆಯ ಹಳ್ಳಿಯಿಂದ ಬಂದ ನಮ್ಮ ಕ್ಲಾಸಿನ ಗೆಳೆಯನೊಬ್ಬ 14.3 ಸೆಕೆಂಡ್ ತಗೊಂಡು ಹನ್ನೊಂದನೆಯವನಾದ. "ಹೈಸ್ಕೂಲಲ್ಲಿ ಆಡ್ತಿದ್ದೆ" ಅಂತ ಮೆಲ್ಲಗೆ ಹೇಳಿದ. "ಸರಿ, ಎಕ್ಸ್‌ಟ್ರಾ ಪ್ಲೇಯರ್ ಆಗಿರು" ಅಂದ್ವಿ.

ಮ್ಯಾಚಲ್ಲಿ ಮೊದಲ ಬ್ಯಾಚಿಗೆ ನಮ್ಮ ಮೂವರು ಅತಿ ವೇಗದವರನ್ನು ಇಳಿಸಿದ್ವಿ. ಮೂವರೂ ಸೇರಿ ಎರಡು ನಿಮಿಷ ನಿಲ್ಲಲಿಲ್ಲ. 100 ಮೀಟರನ್ನು 12.5 ಸೆಕೆಂಡಲ್ಲಿ ಓಡಿದ ನಮ್ಮ ಹೀರೋನನ್ನಂತೂ ಯಾರೂ ಮುಟ್ಟಲೇ ಇಲ್ಲ. ಬ್ರೇಕ್ ಹಿಡಿಯದೆ ಅವನ ಎರಡೂ ಕಾಲು ಗೆರೆಯಾಚೆ ಹೋಗಿ ಔಟ್!

ಮ್ಯಾಚ್ ಮುಗಿದ ಮೇಲೆ ಆ ಹನ್ನೊಂದನೆಯವನು ಒಂದು ಕಡ್ಡಿ ತಗೊಂಡು ಮಣ್ಣಲ್ಲಿ ಅಂಕಣ ಬರೆದು ಒಂದೇ ಮಾತು ಹೇಳಿದ: "ನೀವು ಓಡ್ತಿದ್ರಿ. ಅವರನ್ನ ಓಡಿಸ್ಬೇಕಿತ್ತು."

ಅಂಕಣವೇ ಹೇಳುತ್ತೆ

ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಮಧ್ಯದಲ್ಲಿ 30 ಸೆಂಟಿಮೀಟರ್ ಅಗಲದ ಪಟ್ಟಿ, ಅದರ ಎರಡು ತುದಿಗೆ ಎರಡು ಕಂಬ. ಪಟ್ಟಿಯ ಮೇಲೆ ಎಂಟು ಜನ ಚೇಸರ್‌ಗಳು ಒಬ್ಬರು ಈ ಕಡೆ, ಪಕ್ಕದವರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವರು ಅಟ್ಟಿಸಿಕೊಂಡು ಬರುತ್ತಾರೆ. ಓಡುವವರು ಮೂವರ ಬ್ಯಾಚಾಗಿ ಒಳಗೆ ಬರುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿದ್ದೂ ನಾವು ಯೋಚಿಸದೇ ಇದ್ದಿದ್ದು ಎರಡು ನಿಯಮಗಳ ಬಗ್ಗೆ. ಒಂದು, ಅಟ್ಟಿಸಿಕೊಂಡು ಬರುವವರು ಮಧ್ಯದ ಪಟ್ಟಿ ದಾಟುವ ಹಾಗಿಲ್ಲ. ಆಚೆ ಕಡೆಗೆ ಹೋಗಬೇಕಂದ್ರೆ ಕಂಬ ಸುತ್ತಬೇಕು, ಇಲ್ಲಾ ಆ ಕಡೆ ಮುಖ ಮಾಡಿ ಕೂತವರಿಗೆ ಖೋ ಕೊಡಬೇಕು. ಎರಡು, ಒಂದು ಸಲ ಒಂದು ದಿಕ್ಕಿಗೆ ಹೊರಟರೆ ಕಂಬದ ತನಕ ಅದೇ ದಿಕ್ಕು. ಹಿಂದೆ ತಿರುಗಿದ್ರೆ ಫೌಲ್. ಓಡುವವರಿಗೆ ಈ ಎರಡೂ ನಿರ್ಬಂಧ ಇಲ್ಲ. ಕೂತವರ ನಡುವಿನ ಸಂದಿಯಲ್ಲಿ ಎಲ್ಲಿ ಬೇಕಾದರೂ ನುಸುಳಬಹುದು, ಯಾವಾಗ ಬೇಕಾದರೂ ತಿರುಗಬಹುದು.

ಅಂದರೆ ಓಡುವವರ ಹತ್ತಿರ ಇರೋ ನಿಜವಾದ ಆಯುಧ ವೇಗ ಅಲ್ಲ, ತಿರುವು. ಎದುರಾಳಿ ಒಂದು ದಿಕ್ಕು ಆರಿಸಿಕೊಳ್ಳೋ ಹಾಗೆ ಮಾಡಿ, ಅವರು ಆರಿಸಿಕೊಂಡ ತಕ್ಷಣ ಇನ್ನೊಂದು ದಿಕ್ಕಿಗೆ ಹೋಗೋದೇ ಆಟ. ನೇರವಾಗಿ ಓಡಿದರೆ? ನೀವೊಬ್ಬರೇ ಓಡ್ತಾ ಇರ್ತೀರಿ, ಅವರು ಒಂಬತ್ತು ಜನ ರಿಲೇ ಥರ ಪಾಳಿ ಮೇಲೆ ಓಡ್ತಾರೆ. ಪ್ರತಿ ಖೋಗೂ ಒಂದು ಜೊತೆ ಹೊಸ ಕಾಲು. ಆ ರೇಸನ್ನು ಯಾರೂ ಗೆಲ್ಲಲ್ಲ.

ಸ್ವಲ್ಪ ಫಿಸಿಕ್ಸ್, ಭಯ ಬೇಡ

100 ಮೀಟರನ್ನು 12.5 ಸೆಕೆಂಡಲ್ಲಿ ಓಡೋದು ಅಂದ್ರೆ ಸರಾಸರಿ ಸೆಕೆಂಡಿಗೆ 8 ಮೀಟರ್. ಒಣ ಮಣ್ಣು ಮತ್ತು ಶೂ ನಡುವಿನ ಘರ್ಷಣೆಯ ಗುಣಾಂಕ 0.6 ಅಂತ ಇಟ್ಟುಕೊಳ್ಳೋಣ. ನಿಲ್ಲೋಕೆ ಬೇಕಾದ ದೂರ ವೇಗದ ವರ್ಗದ ಜೊತೆ ಬೆಳೆಯುತ್ತೆ, ಪಿಯುಸಿಯಲ್ಲಿ ಓದಿದ್ದೇ. 8 ಮೀಟರ್ ವೇಗಕ್ಕೆ ಅದು ಸುಮಾರು 5.4 ಮೀಟರ್. ವೇಗ 4 ಮೀಟರಿಗೆ ಇಳಿಸಿದರೆ ಬರೀ 1.4 ಮೀಟರ್. ವೇಗ ಅರ್ಧ ಆಯ್ತು, ದೂರ ಕಾಲು ಭಾಗ ಆಯ್ತು.

ತಿರುಗೋದೂ ಹೀಗೇ. ವೇಗದ ವರ್ಗವನ್ನು ಘರ್ಷಣೆ ಕೊಡಬಲ್ಲ ವೇಗೋತ್ಕರ್ಷದಿಂದ ಭಾಗಿಸಿದರೆ ತಿರುವಿನ ಕನಿಷ್ಠ ತ್ರಿಜ್ಯ ಸಿಗುತ್ತೆ. 8 ಮೀಟರ್ ವೇಗದಲ್ಲಿ ಅದು ಹತ್ತಿರ ಹತ್ತಿರ 11 ಮೀಟರ್. ಆದ್ರೆ ಪಟ್ಟಿಯಿಂದ ಪಕ್ಕದ ಗೆರೆಗೆ ಇರೋದೇ 8 ಮೀಟರ್! ನಮ್ಮ ಹೀರೋ ಗೆರೆ ದಾಟಿದ್ದು ಅಜಾಗರೂಕತೆಯಿಂದ ಅಲ್ಲ, ನ್ಯೂಟನ್ ನಿಯಮದಿಂದ. ವಾರಪೂರ್ತಿ ಅವನ ಕಾಲೆಳೆದಿದ್ದಕ್ಕೆ ಇಲ್ಲೇ ಸಾರಿ ಕೇಳ್ತೀವಿ. 4 ಮೀಟರ್ ವೇಗದಲ್ಲಿ ತ್ರಿಜ್ಯ 2.7 ಮೀಟರ್. ಕೂತವರ ನಡುವಿನ ಅಂತರವೂ ಸರಿಸುಮಾರು ಎರಡೂವರೆ ಮೀಟರ್. ಈ ಅಂಕಣ ಕೇಳೋದೇ ನಿಧಾನದ ತಿರುವನ್ನು.

ನಿಜವಾದ ಆಟಗಾರರು ಕಾರಿನ ಥರ ವೃತ್ತದಲ್ಲಿ ತಿರುಗಲ್ಲ ಅನ್ನೋದು ಸರಿ. ಹೊರಗಾಲನ್ನು ಗಟ್ಟಿಯಾಗಿ ಊರಿ, ಸೊಂಟ ಇಳಿಸಿ, ಕೋನ ಮಾಡಿ ಮುರೀತಾರೆ. ಆದರೆ ಅದಕ್ಕೂ ಮೊದಲು ಬ್ರೇಕ್ ಬೇಕು. ಅದಕ್ಕೇ ಹೆಜ್ಜೆ ಚಿಕ್ಕದಾಗಿರಬೇಕು, ಮೈ ಬಗ್ಗಿರಬೇಕು. ದೊಡ್ಡ ಹೆಜ್ಜೆ ಹಾಕಿ ಗಾಳಿಯಲ್ಲಿ ತೇಲುವಾಗ ಯಾರೂ ದಿಕ್ಕು ಬದಲಿಸೋಕಾಗಲ್ಲ, ಕಾಲು ನೆಲದಲ್ಲಿದ್ದರೆ ಮಾತ್ರ ಘರ್ಷಣೆ.

ಇನ್ನೊಂದು ಲೆಕ್ಕ. ಕಣ್ಣು ನೋಡಿದ್ದಕ್ಕೆ ಮೈ ಪ್ರತಿಕ್ರಿಯಿಸೋಕೆ ಸುಮಾರು 0.2 ಸೆಕೆಂಡ್ ಬೇಕು. ಚೇಸರ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರ್ತಿದ್ದರೆ ಅಷ್ಟರಲ್ಲಿ 1 ಮೀಟರ್ ತಪ್ಪು ದಿಕ್ಕಿಗೆ ಹೋಗಿರುತ್ತಾರೆ. ಚಾಚಿದ ಕೈಗಿಂತ ಅದು ಜಾಸ್ತಿ. ಒಂದು ಒಳ್ಳೆ ತಿರುವಿನ ಲಾಭ ಇಷ್ಟೇ, ಒಂದು ಮೀಟರ್. ಖೋ ಖೋದಲ್ಲಿ ಅಷ್ಟು ಸಾಕು.

ದಾರಿ ಗೊತ್ತಿರಬೇಕು

ಬರೀ ಚುರುಕು ಇದ್ರೂ ಸಾಲದು, ಎಲ್ಲಿ ತಿರುಗಬೇಕು ಅಂತ ಮೊದಲೇ ಗೊತ್ತಿರಬೇಕು. ಕೂತವರ ಒಂದೊಂದು ಸಂದಿಯಲ್ಲೂ ಹಾವಿನ ಹಾಗೆ ಒಳಗೆ ಹೊರಗೆ ಹೋಗೋದು ಸಿಂಗಲ್ ಚೈನ್. ಇಬ್ಬಿಬ್ಬರನ್ನು ದಾಟಿ ನುಸುಳೋದು ಡಬಲ್ ಚೈನ್. ಕೆಲವರನ್ನೇ ಸುತ್ತುತ್ತಾ ಅಲ್ಲೇ ಉಳಿಯೋದು ರಿಂಗ್. ಚೈನ್ ಹಾಕುವಾಗ ಚೇಸರ್ ಪ್ರತಿ ಸಲ ಖೋ ಕೊಡಲೇಬೇಕು, ಪ್ರತಿ ಖೋಗೂ ಅವರ ಅರ್ಧ ಕ್ಷಣ ಹೋಗುತ್ತೆ. ನಮ್ಮ ಗೆಳೆಯ ಹೇಳಿದ "ಅವರನ್ನ ಓಡಿಸೋದು" ಅಂದ್ರೆ ಇದೇ. ಗಡಿಯಾರ ಓಡುತ್ತೆ, ಅವರು ಓಡ್ತಾರೆ, ನೀವು ಮಾತ್ರ ಲೆಕ್ಕದಷ್ಟೇ ಹೆಜ್ಜೆ ಹಾಕ್ತೀರಿ.

ಇದೇ ಪಾಠ ಬೇರೆ ಖಂಡದ ಬೇರೆ ಆಟದಲ್ಲೂ ಇದೆ. ಹಾಸ್ಟೆಲಲ್ಲಿ ರಾತ್ರಿ ಅಮೆರಿಕನ್ ಫುಟ್‌ಬಾಲ್ ಕ್ಲಿಪ್ ನೋಡೋರಿಗೆ ವೈಡ್ ರಿಸೀವರ್ ಅಂದ್ರೆ ಗೊತ್ತಿರುತ್ತೆ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವನು. ಅಲ್ಲೂ ಹೊಸಬರ ಆಯ್ಕೆಗೆ ಮೊದಲು 40 ಗಜ ಓಡಿಸಿ ಟೈಮ್ ನೋಡ್ತಾರೆ. 2017ರಲ್ಲಿ ಜಾನ್ ರಾಸ್ 4.22 ಸೆಕೆಂಡಲ್ಲಿ ಓಡಿ ಆಗಿನ ದಾಖಲೆ ಮುರಿದ, ಒಂಬತ್ತನೇ ಆಯ್ಕೆಯಾದ. ಅದೇ ವರ್ಷ 4.62 ತಗೊಂಡ ಕೂಪರ್ ಕಪ್ ಮೂರನೇ ಸುತ್ತಿನ ತನಕ ಕಾದ. 2021ರ ಸೀಸನ್‌ನಲ್ಲಿ ಕಪ್ 145 ಕ್ಯಾಚ್, 1947 ಗಜ, 16 ಟಚ್‌ಡೌನ್, ಮೂರರಲ್ಲೂ ಇಡೀ ಲೀಗಿಗೆ ಮೊದಲಿಗ. ಆಮೇಲೆ ಸೂಪರ್ ಬೌಲ್ ಫೈನಲಿನ ಶ್ರೇಷ್ಠ ಆಟಗಾರನೂ ಅವನೇ. ರಾಸ್ ತನ್ನ ಇಡೀ ವೃತ್ತಿಯಲ್ಲಿ 1000 ಗಜ ಮುಟ್ಟಲಿಲ್ಲ.

ಯಾಕೆ ಹೀಗೆ? ಅಲ್ಲಿ ರೂಟ್ ಅಂದ್ರೆ ಮೊದಲೇ ಬರೆದಿಟ್ಟ ದಾರಿ. ಇಷ್ಟು ಹೆಜ್ಜೆ ನೇರ, ಆಮೇಲೆ ಒಳಕ್ಕೋ ಹೊರಕ್ಕೋ ಮುರಿ. ಎಷ್ಟೋ ಸಲ ರಿಸೀವರ್ ತಿರುಗೋಕೆ ಮೊದಲೇ ಚೆಂಡು ಕೈಬಿಟ್ಟಿರುತ್ತೆ, ಹಾಗಾಗಿ ಒಂದು ಹೆಜ್ಜೆ ತಪ್ಪಿದ್ರೂ ಚೆಂಡು ಹೋಯ್ತು. ಒಳ್ಳೆ ರಿಸೀವರ್‌ನ ಎಲ್ಲಾ ರೂಟಿನ ಶುರುವೂ ಒಂದೇ ಥರ ಕಾಣುತ್ತೆ. ಕಾಯುವವನು ಊಹೆ ಮಾಡಿ ಸೊಂಟ ತಿರುಗಿಸಿದ ಕ್ಷಣಕ್ಕೇ ಇವನು ಇನ್ನೊಂದು ಕಡೆ. ಖೋ ಖೋದಲ್ಲಿ ಹಿಂದಿರುಗದಂತೆ ನಿಯಮ ತಡೆಯುತ್ತೆ, ಅಲ್ಲಿ ಕಾಯುವವನ ಸ್ವಂತ ಮೈಭಾರವೇ ತಡೆಯುತ್ತೆ. ಅಷ್ಟೇ ವ್ಯತ್ಯಾಸ.

ಕುರುಬೂರು ದೂರ ಇಲ್ಲ

ಇಷ್ಟಕ್ಕೆಲ್ಲ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮೈಸೂರಿಂದ ಸುಮಾರು 30 ಕಿಲೋಮೀಟರ್ ಹೋದ್ರೆ ಟಿ. ನರಸೀಪುರ, ಕಾವೇರಿ ಕಪಿಲಾ ಕೂಡೋ ಜಾಗ. ಅದೇ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿದ್ದರು. ಜನವರಿ 19ರ ಫೈನಲಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಪಂದ್ಯದ ಶ್ರೇಷ್ಠ ಆಟಗಾರ್ತಿ ಚೈತ್ರಾ. ಗೆದ್ದ ಪುರುಷರ ತಂಡದಲ್ಲೂ ನಮ್ಮ ರಾಜ್ಯದ ಎಂ.ಕೆ. ಗೌತಮ್ ಇದ್ದರು. ಆ ಫೈನಲಿನ ವಿಡಿಯೊ ಹಾಕಿ ಓಡುವವರ ಕಾಲನ್ನಷ್ಟೇ ನೋಡಿ. ಪೂರ್ತಿ ವೇಗದಲ್ಲಿ ಓಡೋ ಕ್ಷಣಗಳು ಎಷ್ಟು ಕಡಿಮೆ ಅಂತ ಗೊತ್ತಾಗುತ್ತೆ. ಚಿಕ್ಕ ಹೆಜ್ಜೆ, ಕಾಯೋದು, ಭುಜ ತೋರಿಸೋದು, ಆಮೇಲೆ ಒಂದೇ ಒಂದು ಸಿಡಿತ.

ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಓದಿದ ನಮ್ಮಲ್ಲಿ ಬಹಳ ಜನಕ್ಕೆ ಖೋ ಖೋ ಅಂದ್ರೆ ಪಿಟಿ ಪೀರಿಯಡ್‌ನಲ್ಲಿ ಕ್ರಿಕೆಟ್ ಬ್ಯಾಟ್ ಸಿಗದಾಗ ಆಡೋ ಆಟ. ಅದರಲ್ಲೂ ಕಲಿಯೋಕೆ ವರ್ಷಗಳು ಬೇಕು ಅಂತ ನಮಗೆ ಹೊಳೆದಿರಲಿಲ್ಲ. ಅದಕ್ಕೇ "ಹೈಸ್ಕೂಲಲ್ಲಿ ಆಡ್ತಿದ್ದೆ" ಅನ್ನೋ ಮಾತು ನಮ್ಮ ಕಿವಿಗೆ ಬೀಳಲಿಲ್ಲ, 14.3 ಅನ್ನೋ ನಂಬರ್ ಮಾತ್ರ ಬಿತ್ತು. ಆವತ್ತು ಮ್ಯಾಚ್ ನೋಡೋಕೆ ಅವನ ಅಪ್ಪ ಊರಿಂದ ಬಸ್ ಹತ್ತಿ ಬಂದಿದ್ದರು. ಮಗ ಗೆರೆಯ ಹೊರಗೆ ನಮ್ಮ ನೀರಿನ ಬಾಟಲಿ ಕಾಯ್ತಾ ಕೂತಿದ್ದ. ಇದು ನಮಗೆ ಗೊತ್ತಾಗಿದ್ದು ಅವರು ವಾಪಸ್ ಹೋದ ಮೇಲೆ.

ಈ ಸಲ ಆಯ್ಕೆಗೆ 100 ಮೀಟರ್ ಓಟ ಇಲ್ಲ. 10 ಮೀಟರ್ ದೂರಕ್ಕೆ ನಾಲ್ಕು ಸಲ ಹೋಗಿ ಬರೋ ಶಟಲ್ ಇದೆ, ಅದೂ ಬರೀ ಶುರುವಿಗೆ. ಆಮೇಲೆ ಎಂಟು ಜನ ಕೂರ್ತಾರೆ, ಒಬ್ಬರು ಅಟ್ಟಿಸಿಕೊಂಡು ಬರ್ತಾರೆ, ನೀವು ಎಷ್ಟು ಹೊತ್ತು ಸಿಗದೇ ಇರ್ತೀರೋ ಅದೇ ನಿಮ್ಮ ಮಾರ್ಕ್ಸ್. ಸ್ಟಾಪ್‌ವಾಚ್ ಈ ಸಲ ಅವನ ಕೈಯಲ್ಲಿರುತ್ತೆ. ಶನಿವಾರ ಸಂಜೆ 5ಕ್ಕೆ ಗ್ರೌಂಡಿಗೆ ಬನ್ನಿ. ನಿಧಾನಕ್ಕೆ ಓಡೋರೂ ಬನ್ನಿ.