ಆಟದಲ್ಲಿ ಕಾಣುವ ಮಗು

ಮಗು ಲೆಕ್ಕದಲ್ಲಿ ಎಲ್ಲಿ ಎಡವುತ್ತದೆಂದು ಅಂಕಪಟ್ಟಿ ಹೇಳದು, ಆಟ ಹೇಳಬಲ್ಲದು. 1970ರ ದಶಕದಲ್ಲಿ ಅಮೆರಿಕದ ರಿಚರ್ಡ್ ಬರ್ಟನ್ ಮತ್ತು ಜಾನ್ ಸೀಲಿ ಬ್ರೌನ್ ಗಣಿತದಾಟವೊಂದಕ್ಕೆ ‘ವೆಸ್ಟ್’ ಎಂಬ ಕಂಪ್ಯೂಟರ್ ಶಿಕ್ಷಕನನ್ನು ರೂಪಿಸಿದರು. ಬಿದ್ದ ಮೂರು ಅಂಕಿಗಳಿಂದ ಲೆಕ್ಕ ಕಟ್ಟಿ, ಉತ್ತರ ಬಂದಷ್ಟು ಮನೆ ಮುಂದೆ ಹೋಗಬೇಕು. 1, 2, 4 ಬಿದ್ದಾಗ ಮಗು 1+2×4 ಎಂದು 9 ಮನೆ ನಡೆಯಿತೆನ್ನಿ. ಲೆಕ್ಕ ಸರಿಯೇ. ಆದರೆ ಆವರಣ ಹಾಕಿ (1+2)×4 ಎಂದಿದ್ದರೆ 12! ಕಂಪ್ಯೂಟರ್ ಎರಡನ್ನೂ ಹೋಲಿಸುತ್ತಿತ್ತು. ಒಂದೇ ನಡೆಯಿಂದ ತೀರ್ಮಾನಿಸುತ್ತಿರಲಿಲ್ಲ. 9 ಮನೆ ನಡೆದರೇ ಅಡ್ಡದಾರಿ ಸಿಗುವಂತಿದ್ದೀತು. ಮತ್ತೆ ಮತ್ತೆ ಆವರಣ ಬಿಟ್ಟರೆ ಮಾತ್ರ ಸುಳಿವು ಕೊಡುತ್ತಿತ್ತು. ಪಾಲಕರೇ, ಮಗುವನ್ನು ‘ದಡ್ಡ’ ಎನ್ನುವ ಮೊದಲು ಅದರೊಡನೆ ನಾಲ್ಕು ಆಟ ಆಡಿ ನೋಡಿ. ಕೊರತೆ ಬುದ್ಧಿಯದಲ್ಲ, ಒಂದು ಆವರಣದ್ದಿರಬಹುದು.