ಹೋಮ್ ಫೋಲ್ಡರಿನ ಆಚೆಗೆ ದಾರಿಯಿಲ್ಲ

ಫೈಲ್ ಕಳಿಸಲೆಂದು ಸರ್ವರಿನಲ್ಲಿ ಖಾತೆ ಪಡೆದವರು ತಮ್ಮ ಹೋಮ್ ಫೋಲ್ಡರ್ ಬಿಟ್ಟು ಅಡ್ಡಾಡದಂತೆ ತಡೆಯಲು ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವುದು ಚ್‌ರೂಟ್. ದೊಡ್ಡಬಳ್ಳಾಪುರದ ಡಿಸೈನ್ ಕೇಂದ್ರವೊಂದು ಹಲವು ಮಗ್ಗದ ಮಾಲೀಕರಿಗೆ ಒಂದೇ ಸರ್ವರಿನಿಂದ ಜಕಾರ್ಡ್ ಫೈಲುಗಳನ್ನು ಕೊಡುತ್ತದೆ ಎಂದಿಟ್ಟುಕೊಳ್ಳಿ. ಒಬ್ಬರ ಹೊಸ ಸೆರಗಿನ ವಿನ್ಯಾಸ ಸೀರೆ ನೇಯುವ ಮೊದಲೇ ಪಕ್ಕದ ಬೀದಿಯವರಿಗೆ ಸಿಕ್ಕಿದರೆ ಅದಕ್ಕೆ ಬೆಲೆ ಉಳಿಯದು. ತಡೆಯಿಲ್ಲದ ಸರ್ವರಿನಲ್ಲಿ ಹಾಗಾಗುವುದು ಸುಲಭ. ಉಬುಂಟುವಿನಲ್ಲೇ 2021ರ 21.04 ಆವೃತ್ತಿ ಬರುವವರೆಗೆ ಒಬ್ಬರ ಹೋಮ್ ಫೋಲ್ಡರನ್ನು ಉಳಿದ ಖಾತೆದಾರರೂ ತೆರೆದು ನೋಡಬಹುದಿತ್ತು.

ಚ್‌ರೂಟ್ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಷ್ಟು ಹಳೆಯದು. ಫೈಲಿನ ಪೂರ್ಣ ವಿಳಾಸ ಒಂದು ಓರೆಗೆರೆಯಿಂದ ಶುರುವಾಗುತ್ತದೆ. ಆ ಗೆರೆಯೇ ಎಲ್ಲ ಫೋಲ್ಡರುಗಳ ಬುಡ, ಅಂದರೆ ರೂಟ್. ಚ್‌ರೂಟ್ ಆದ ಪ್ರೋಗ್ರಾಮಿಗೆ ಕರ್ನೆಲ್ ಬೇರೊಂದು ಫೋಲ್ಡರನ್ನೇ ಬುಡವಾಗಿ ತೋರಿಸುತ್ತದೆ. ಆ ಬುಡದಿಂದ ಮೇಲಕ್ಕೆ ಹೋಗಲು ಎರಡು ಚುಕ್ಕಿ ಟೈಪಿಸಿದರೂ ಬಳಕೆದಾರ ಇದ್ದಲ್ಲೇ ಇರುತ್ತಾನೆ. ಹೊರಗಿರುವ, ಎಲ್ಲರಿಗೂ ಬೇಕಾದ ಫೋಲ್ಡರಿಗೆ ಶಾರ್ಟ್‌ಕಟ್ ಹಾಕಿಟ್ಟರೆ ಅದೂ ಕೆಲಸ ಮಾಡದು, ಆ ಫೋಲ್ಡರನ್ನೇ ಬುಡದೊಳಗೆ ಕಾಣುವಂತೆ ಜೋಡಿಸುವ ಬೈಂಡ್ ಮೌಂಟ್ ಮಾಡಬೇಕು.

ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಗುಪ್ತಲಿಪಿಯಲ್ಲಿ ಫೈಲ್ ಕಳಿಸುವ ಎಸ್‌ಎಫ್‌ಟಿಪಿಗೆ ಈ ಸೌಲಭ್ಯ ಬಂದದ್ದು 2008ರಲ್ಲಿ. ಕಾನ್ಫಿಗ್ ಫೈಲಿನಲ್ಲಿ ನಾಲ್ಕಾರು ಸಾಲು ಬರೆದರೆ ಮುಗಿಯಿತು. ಆದರೆ ಬಹಳ ಮಂದಿ ಎಡವುವುದು ಆಮೇಲೆ: ಪಾಸ್‌ವರ್ಡ್ ಸರಿಯಾಗಿದ್ದರೂ ಲಾಗಿನ್ ಆದೊಡನೆ ಸಂಪರ್ಕ ಕಡಿದುಹೋಗುತ್ತದೆ. ಲಾಗ್ ನೋಡಿದರೆ ಫೋಲ್ಡರಿನ ಒಡೆತನ ಸರಿಯಿಲ್ಲವೆಂಬ ದೂರು ಇರುತ್ತದೆ. ಬುಡವಾಗುವ ಫೋಲ್ಡರೂ ಅದರ ಮೇಲಿನ ಪ್ರತಿಯೊಂದು ಫೋಲ್ಡರೂ ಸರ್ವರಿನ ಮೇಲ್ವಿಚಾರಕ ಖಾತೆಯ, ಅದರ ಹೆಸರೂ ರೂಟ್, ಹೆಸರಿನಲ್ಲೇ ಇರಬೇಕು, ಬೇರೆ ಯಾರಿಗೂ ಅಲ್ಲಿ ಬರೆಯುವ ಅನುಮತಿ ಇರಕೂಡದು. ತನ್ನ ಹೋಮ್ ಫೋಲ್ಡರಿಗೆ ತಾನೇ ಒಡೆಯನಲ್ಲ ಎಂಬುದು ವಿಚಿತ್ರವೆನಿಸಿದರೂ ಕಾರಣ ಗಟ್ಟಿಯಾಗಿದೆ. ಬುಡದಲ್ಲೇ ಬರೆಯಲು ಬಿಟ್ಟರೆ ಬಳಕೆದಾರ ಅಲ್ಲಿ ನಕಲಿ ಸಿಸ್ಟಂ ಫೋಲ್ಡರುಗಳನ್ನು ಸೃಷ್ಟಿಸಬಹುದು; ಹೆಚ್ಚಿನ ಅಧಿಕಾರದಲ್ಲಿ ಓಡುವ ಸರ್ವರ್ ಪ್ರೋಗ್ರಾಂ ಅವನ್ನೇ ಅಸಲಿಯೆಂದು ನಂಬಿಬಿಡಬಹುದು. ಹಾಗಾಗಿ ಒಳಗೆ ಇನ್ನೊಂದು ಫೋಲ್ಡರ್ ಮಾಡಿ, ಅದನ್ನಷ್ಟೇ ಬಳಕೆದಾರನಿಗೆ ಬಿಟ್ಟುಕೊಡುವುದು ವಾಡಿಕೆ. ಫೈಲ್ ಕಳಿಸುವ ಹಳೆಯ ವಿಧಾನವಾದ ಎಫ್‌ಟಿಪಿಯ ವಿಎಸ್‌ಎಫ್‌ಟಿಪಿಡಿ ಸರ್ವರ್ ಕೂಡ 2.3.5ನೇ ಆವೃತ್ತಿಯಿಂದ ಇದೇ ಪಟ್ಟು ಹಿಡಿದು '500 ಊಪ್ಸ್' ಎಂದು ನಿಂತುಬಿಡುತ್ತದೆ. ಒಂದು ಸಾಲು ಸೇರಿಸಿ ಅದರ ಬಾಯಿ ಮುಚ್ಚಿಸಬಹುದು. ತುಂಬ ಜನ ಮಾಡುವುದೂ ಅದನ್ನೇ, ಮಾಡಬಾರದ್ದೂ ಅದೇ.

ಚ್‌ರೂಟ್ ಎಲ್ಲದಕ್ಕೂ ಮದ್ದಲ್ಲ. ರೂಟ್ ಖಾತೆಯ ಅಧಿಕಾರ ಸಿಕ್ಕವರು ಅದರಿಂದ ತಪ್ಪಿಸಿಕೊಳ್ಳಬಲ್ಲರು. ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್ 1971ರಲ್ಲಿ ರೂಪಿಸಿದ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಗುಪ್ತಲಿಪಿಯಿಲ್ಲದೆ ಬಯಲಲ್ಲೇ ಸಾಗುತ್ತದೆ. ಚ್‌ರೂಟ್ ಹಾಕಿದ ಮಾತ್ರಕ್ಕೆ ಅದು ಬದಲಾಗದು. ಎಸ್‌ಎಫ್‌ಟಿಪಿಯಲ್ಲಿ ಆ ತೊಂದರೆಯಿಲ್ಲ. ಆದರೆ ಅಲ್ಲಿ ಸಂಪರ್ಕವನ್ನು ಬೇರೆಡೆಗೆ ಹಾಯಿಸುವ ಪೋರ್ಟ್ ಫಾರ್ವರ್ಡಿಂಗನ್ನು ಬೇರೆಯಾಗಿಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಫೋಲ್ಡರ್ ದಾಟಲಾಗದ ಬಳಕೆದಾರ ಅದೇ ಸರ್ವರಿನ ಮೂಲಕ ಒಳಗಿನ ನೆಟ್‌ವರ್ಕಿಗೆ ನುಗ್ಗಬಹುದು.